ತೊಟ್ಟಿಲು ತೂಗುವ ಯಂತ್ರ ಮತ್ತು ಹಾವೇರಿಯ ಕೂಸುಗಳು

ಐಸಾಕ್ ಅಸಿಮೊವ್ 1940ರಲ್ಲಿ ಪ್ರಕಟಿಸಿದ 'ರಾಬಿ' ಕಥೆಯಲ್ಲಿ ಗ್ಲೋರಿಯಾ ಎಂಬ ಬಾಲಕಿಯನ್ನು ನೋಡಿಕೊಳ್ಳುವುದು ಮಾತು ಬಾರದ ಒಂದು ರೋಬಾಟ್. ತಾಯಿಗೆ ಅದು ಸಹ್ಯವಾಗುವುದಿಲ್ಲ. ಯಂತ್ರವನ್ನು ಮನೆಯಿಂದ ಹೊರಗೆ ಕಳಿಸುತ್ತಾಳೆ. ಮಗು ಕೊರಗುತ್ತದೆ. 2019ರಲ್ಲಿ ತೆರೆಕಂಡ 'ಐ ಆಮ್ ಮದರ್' ಚಿತ್ರದ ಹೊತ್ತಿಗೆ ಹೊರಗೆ ಕಳಿಸಲು ತಾಯಿಯೇ ಉಳಿದಿಲ್ಲ. ಭ್ರೂಣದಿಂದ ಹಿಡಿದು ಹೆಣ್ಣುಮಗುವನ್ನು ಬೆಳೆಸುವುದೆಲ್ಲ ಯಂತ್ರದ ಕೆಲಸ. ಎಂಟು ದಶಕಗಳಲ್ಲಿ ದಾದಿಯಾಗಿದ್ದ ರೋಬಾಟ್ ತಾಯಿಯ ಪಟ್ಟಕ್ಕೇರಿದೆ.

ಈ ಕಲ್ಪನೆಯನ್ನು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ನೆಲದಲ್ಲಿ ನಿಂತು ನೋಡುವುದು ವಿಚಿತ್ರವೆನಿಸಬಹುದು. ಆದರೆ ಹೆತ್ತವರಲ್ಲದವರು ಮಕ್ಕಳನ್ನು ಬೆಳೆಸುವ ಪರಂಪರೆ ಇಲ್ಲಿ ಹಳೆಯದು. 1914ರಲ್ಲಿ ಹಾನಗಲ್ ತಾಲ್ಲೂಕಿನಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ಹೆತ್ತವರನ್ನೂ ದೃಷ್ಟಿಯನ್ನೂ ಕಳೆದುಕೊಂಡರು. ಸಾಕಿದ್ದು ಸೋದರಮಾವ. ಮುಂದೆ ಕೈಹಿಡಿದವರು ಅದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು. ಅವರೂ ಅಂಧರು, ಅವರನ್ನು ಪೋಷಿಸಿದವರು ಹಾನಗಲ್ ಕುಮಾರಸ್ವಾಮಿಗಳು. ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ದಾಟಿದ ಆ ಮಗುವಿಗೆ 2010ರಲ್ಲಿ ಪದ್ಮಭೂಷಣ ಬಂತು.

ಇಂದು ಆ ಮಡಿಲು ಎಲ್ಲಿದೆ? ಮಳೆ ಕೈಕೊಟ್ಟ ವರ್ಷ ಗೋವಿನಜೋಳದ ಹೊಲ ಬಿಟ್ಟು ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಕೂಸುಗಳು ಅಜ್ಜಿಯ ಬಳಿ ಉಳಿಯುತ್ತವೆ. ಅಜ್ಜಿಯೂ ಕೂಲಿಗೆ ಹೋಗುವ ಮನೆಯಲ್ಲಿ ಅಳುವ ಮಗುವನ್ನು ಸುಮ್ಮನಿರಿಸುವುದು ಮೊಬೈಲ್. ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹೇಳುವುದು ಸುಲಭ. ಫೋನು ಕಸಿದುಕೊಂಡ ಮೇಲೆ ಆ ಕೂಸನ್ನು ಯಾರ ಕೈಗೆ ಕೊಡಬೇಕೆಂಬುದು ಆ ಸಲಹೆಯಲ್ಲಿಲ್ಲ. (ನಗರದ ಫ್ಲ್ಯಾಟುಗಳಲ್ಲಿ ಇದೇ ಫೋನು ಅನ್ನ ಉಣಿಸುವ ಕೆಲಸವನ್ನೂ ಮಾಡುತ್ತದೆ ಎಂಬುದನ್ನು ಓದುಗರಿಗೆ ಬೇರೆ ಹೇಳಬೇಕಿಲ್ಲ.)

ಹಾನಗಲ್‌ನ ನೆರೆಯ ಶಿರಸಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕರೊಬ್ಬರು ಎರಡು ಜಡೆಯ, ಸಮವಸ್ತ್ರದ 'ಶಿಕ್ಷಾ' ಎಂಬ ರೋಬಾಟ್ ರೂಪಿಸಿ 2022ರಲ್ಲಿ ಸುದ್ದಿಯಾದರು. ಅದು ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಪಾಠ ಹೇಳುತ್ತದೆ. ಶ್ಲಾಘನೀಯ ಪ್ರಯತ್ನ. ಆದರೆ ಮಗ್ಗಿ ಹೇಳಿಕೊಡುವುದು ಬೇರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವುದು ಬೇರೆ.

ವಾಸ್ತವದಲ್ಲಿ ಯಂತ್ರ ಬಂದಿರುವುದು ತೊಟ್ಟಿಲ ಬಳಿಗಲ್ಲ, ಅಂಗನವಾಡಿಯ ಬಾಗಿಲಿಗೆ. 2021ರಲ್ಲಿ ಆರಂಭವಾದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ, ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಪಡೆಯಲು 2025ರ ಜುಲೈ 1ರಿಂದ ಮುಖಚಹರೆ ಗುರುತಿಸುವಿಕೆ ಕಡ್ಡಾಯವಾಯಿತು. ಈ ಆಹಾರ ಸಲ್ಲುವುದು ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ. ಸೋರಿಕೆ ತಡೆಯುವುದು ಉದ್ದೇಶ, ಅದನ್ನು ತಪ್ಪೆನ್ನಲಾಗದು. ಆದರೆ ತಾಯಿ ಗುಳೆ ಹೋಗಿದ್ದು, ಅಜ್ಜಿಯ ಮುಖ ದಾಖಲಾಗಿರದಿದ್ದರೆ, ಎದುರಿಗೆ ನಿಂತ ಕೂಸಿನ ಹಸಿವು ಕ್ಯಾಮೆರಾಕ್ಕೆ ಕಾಣುವುದಿಲ್ಲ. ನೆಟ್‌ವರ್ಕ್ ಸಿಗದ ದಿನ ಬೈಗುಳ ತಿನ್ನುವವರು ಕಾರ್ಯಕರ್ತೆಯರು. ಅವರಿಗೆ ಕೇಂದ್ರ ನಿಗದಿಪಡಿಸಿದ ಗೌರವಧನವನ್ನು 2018ರಲ್ಲಿ 3,000ದಿಂದ 4,500 ರೂಪಾಯಿಗೆ ಏರಿಸಲಾಯಿತು. ಅದು ಸಂಬಳವಲ್ಲ, ಗೌರವಧನ. ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ ಆಗ ಸುಮಾರು 47 ವರ್ಷ ಸಂದಿತ್ತು.

ಅಂಗನವಾಡಿಯಲ್ಲಿ ಕುಳಿತು ಕಲಿಯುವುದು ಮೂರು ವರ್ಷ ದಾಟಿದ ಮಕ್ಕಳು. ಅದಕ್ಕೂ ಕಿರಿಯ ಕೂಸನ್ನು ದಿನವಿಡೀ ನೋಡಿಕೊಳ್ಳುವ ಸಾರ್ವಜನಿಕ ವ್ಯವಸ್ಥೆ ಗ್ರಾಮಾಂತರದಲ್ಲಿ ಬಹುಕಾಲ ವಿರಳವಾಗಿತ್ತು. ರಾಜ್ಯ ಸರ್ಕಾರ 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಪ್ರಕಟಿಸಿದ್ದು ಈ ಕೊರತೆಯನ್ನು ತುಂಬುವ ಸಲುವಾಗಿ. ಊರಿನ ಹೆಣ್ಣುಮಕ್ಕಳೇ ತರಬೇತಿ ಪಡೆದು ಆರೈಕೆದಾರರಾಗುತ್ತಾರೆ. ಅವರ ಕೂಲಿ ನರೇಗಾದಿಂದ. ಕೆಲಸಕ್ಕೆ ಹೋದ ತಾಯಿಗೂ ಕೂಸು ನೋಡಿಕೊಂಡ ತಾಯಿಗೂ ಒಂದೇ ಯೋಜನೆಯ ಹಣ ಸಿಗುವ ಈ ಏರ್ಪಾಡು ಯಾವುದೇ ರೋಬಾಟ್‌ಗಿಂತ ಅಗ್ಗ. ಅದಕ್ಕೆ ಚಾರ್ಜಿಂಗ್ ಬೇಡ, ಊರಿನ ಮಾತು ಬರುತ್ತದೆ, ಜೋಗುಳವೂ ಬರುತ್ತದೆ.

ಆದರೆ ನರೇಗಾದ ಸ್ಥಾನದಲ್ಲಿ ಹೊಸ ಉದ್ಯೋಗ ಖಾತರಿ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದೆ. ಅದರಂತೆ ಕರ್ನಾಟಕದಂಥ ರಾಜ್ಯಗಳು ವೆಚ್ಚದ ಶೇ 40ರಷ್ಟು ಭರಿಸಬೇಕು. ರಸ್ತೆ, ಕೆರೆ, ಕಾಲುವೆಗಳ ಪಟ್ಟಿಯಲ್ಲಿ ಕೂಸಿನ ಮನೆಯ ಆರೈಕೆದಾರರ ಕೂಲಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಈ ತಾಲ್ಲೂಕುಗಳ ಶಾಸಕರು ಬಜೆಟ್ ಚರ್ಚೆಯಲ್ಲೇ ಎತ್ತಬೇಕಿದೆ.