ಗಾಯಗೊಂಡ ಹುಡುಗನನ್ನು ಮುಟ್ಟಿದರೆ ಮಾಸ್ತರ ಮೇಲೆ ಕೇಸು ಬೀಳುತ್ತಾ?

ಹಿರೇಕೆರೂರು ಕಡೆ ಶಾಲಾ ಕ್ರೀಡಾಕೂಟ ಅಂದರೆ ಕಬಡ್ಡಿ, ಕೊಕ್ಕೊ ಅಂಕಣದ ಸುತ್ತ ಜನವೋ ಜನ. ಹುಡುಗನೊಬ್ಬ ಬಿದ್ದು ಏಳದೆ ಇದ್ದರೆ ಎಲ್ಲರ ಕಣ್ಣೂ ದೈಹಿಕ ಶಿಕ್ಷಕರ ಮೇಲೆ, ಇಲ್ಲವೇ ಕೋಚ್ ಮೇಲೆ. "ನಾನು ಕೈ ಹಾಕಿ ಹೆಚ್ಚುಕಡಿಮೆ ಆದರೆ ಕೇಸು ನನ್ನ ಮೇಲೇ ಬಂದೀತು" ಎಂಬ ಅಳುಕು ಅವರಿಗೆ ಸಹಜ. ಆದರೆ ಕಾನೂನು ಅಷ್ಟು ಕುರುಡಲ್ಲ.

ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಅದು ಆಟದ ಮೈದಾನಕ್ಕೆ ಬರುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ. ಗಾಯಾಳು ಒಪ್ಪಿಗೆ ಹೇಳುವ ಸ್ಥಿತಿಯಲ್ಲಿಲ್ಲ, ಪಾಲಕರು ಸಮಯಕ್ಕೆ ಸಿಗುವಂತಿಲ್ಲ ಎಂದಾಗ, ಅವನ ಒಳ್ಳೆಯದಕ್ಕಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎನ್ನುತ್ತದೆ ಅದು.

'ಸದ್ಭಾವನೆ' ಎಂಬ ಮಾತನ್ನು ಮಾತ್ರ ಗಮನಿಸಿ. ಮನಸ್ಸು ಒಳ್ಳೆಯದಿದ್ದರೆ ಸಾಲದು. ತಕ್ಕ ಎಚ್ಚರಿಕೆ ವಹಿಸದೆ ಮಾಡಿದ್ದು ಸದ್ಭಾವನೆಯಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಕುತ್ತಿಗೆಗೆ ಪೆಟ್ಟು ಬಿದ್ದವನನ್ನು ಇಬ್ಬರು ಹಿಡಿದು ಎತ್ತಿ ಕೂರಿಸುವುದು, ಮುರಿದ ಕಾಲನ್ನು ಎಳೆದು 'ಸರಿ' ಮಾಡುವುದು, ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕುವುದು ಇವೆಲ್ಲ ಎಚ್ಚರಿಕೆಯಲ್ಲ.

ಹಾಗಂತ ಸುಮ್ಮನೆ ನಿಲ್ಲುವಂತೆಯೂ ಇಲ್ಲ. ಕೋಚ್ ದಾರಿಹೋಕನಲ್ಲ, ಮಕ್ಕಳನ್ನು ಕರೆತಂದವನು, ಅವರ ಹೊಣೆ ಹೊತ್ತವನು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೇ ಕಲಂನಡಿ ಐದು ವರ್ಷದವರೆಗೆ ಶಿಕ್ಷೆ ಇದೆ. ಪರಿಹಾರ ಕೇಳಿ ಸಿವಿಲ್ ಕೋರ್ಟಿಗೆ ಹೋಗುವ ದಾರಿಯೂ ಇದೆ.

2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದ ಮೈಸೂರಿನ 23 ವರ್ಷದ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ ಎಂದು ತಂದೆ ದೂರಿದರು. ಆಯೋಜಕರ ಮೇಲೆ ಪ್ರಕರಣ ದಾಖಲಾಯಿತು. ದೂರು ಇದ್ದದ್ದು ಯಾರೋ ನೆರವಾದರು ಎಂದಲ್ಲ, ನೆರವಿಗೆ ಏನೂ ಇರಲಿಲ್ಲ ಎಂದು.

ನನ್ನ ವಾದ ಇಷ್ಟೇ: ಕೋಚ್ ಹೆದರಬೇಕಾದ್ದು ಕೈ ಹಾಕುವುದಕ್ಕಲ್ಲ, ತಯಾರಿಲ್ಲದೆ ಆಟ ಆಡಿಸುವುದಕ್ಕೆ. ಆ ತಯಾರಿಯನ್ನು ಒಬ್ಬ ಮಾಸ್ತರ ತಲೆಗೆ ಕಟ್ಟುವುದೂ ಅನ್ಯಾಯ. ನಮ್ಮ ಭಾಗದಲ್ಲಿ ಗಾಯ ದೊಡ್ಡದಾದರೆ ಹಾವೇರಿ, ದಾವಣಗೆರೆ, ಶಿವಮೊಗ್ಗಕ್ಕೇ ಓಡಬೇಕು. ಹಾಗಿರುವಾಗ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಸ್ಟ್ರೆಚರ್, ಅದನ್ನು ಬಳಸಲು ತರಬೇತಿ ಪಡೆದ ಒಬ್ಬರು, ಕಾದು ನಿಂತ ಒಂದು ಗಾಡಿ ಇಲ್ಲದೆ ಪಂದ್ಯದ ಸೀಟಿ ಊದಬಾರದು. ಕಪ್ಪು, ಶಾಮಿಯಾನ, ಹಾರಗಳಿಗೆ ಪಟ್ಟಿ ಎತ್ತುವ ನಮಗೆ ಇದು ಭಾರವೇ? ಎಸ್‌ಡಿಎಂಸಿ, ಗ್ರಾಮ ಪಂಚಾಯಿತಿ, ಶಿಕ್ಷಣ ಇಲಾಖೆ ಮೂವರೂ ಉತ್ತರ ಕೊಡಬೇಕು.

ಕೋಚ್‌ಗಳಿಗೆ ನಾಲ್ಕೇ ಮಾತು. ಗಾಯಾಳುವನ್ನು ಅಲುಗಾಡಿಸಬೇಡಿ. 108ಕ್ಕೆ ಕರೆ ಮಾಡಿ. ಪಾಲಕರಿಗೆ ತಕ್ಷಣ ತಿಳಿಸಿ. ಏನಾಯಿತು, ಎಷ್ಟು ಗಂಟೆಗೆ, ಏನು ಮಾಡಿದಿರಿ ಎಂದು ಅಂದೇ ಬರೆದಿಡಿ. ನಾಳೆ ಪ್ರಶ್ನೆ ಎದ್ದರೆ ಆ ಹಾಳೆಯೇ ನಿಮ್ಮ ಪರ ಮಾತಾಡುತ್ತದೆ.

ಪಾಲಕರಿಗೆ ಒಂದು ವಿನಂತಿ: ಮಗನಿಗೆ ಪೆಟ್ಟಾದ ಸಿಟ್ಟಿನಲ್ಲಿ ಮಾಸ್ತರ ಕೊರಳಪಟ್ಟಿ ಹಿಡಿಯಬೇಡಿ. ಎಚ್ಚರಿಕೆಯಿಂದ ನೆರವಾದವನನ್ನೇ ಊರು ಬಡಿದರೆ, ಮುಂದಿನ ಸಲ ಬಿದ್ದ ಹುಡುಗನ ಹತ್ತಿರ ಯಾರೂ ಹೋಗುವುದಿಲ್ಲ.