ಮರೆತ ಮಾತ್ರಕ್ಕೆ ಮೆದುಳು ಸೋತಂತಲ್ಲ

ಕಳೆದ ಭಾನುವಾರ ಫೋನಿನಲ್ಲಿ ನನ್ನ ನಾಲ್ಕು ವರ್ಷದ ಮೊಮ್ಮಗನಿಗೆ, ‘ಮೊಸರನ್ನವನ್ನು ಕೈಯಲ್ಲಿ ಚೆಲ್ಲಾಡಬೇಡ, ಚಾಕುವಿನಲ್ಲಿ ತಿನ್ನು’ ಎಂದು ಬುದ್ಧಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಸ್ಪ್ಯಾನಿಷ್ ಭಾಷೆಯಲ್ಲಿ ಚಮಚಕ್ಕೆ ‘ಕುಚಾರಾ’ ಎನ್ನುತ್ತಾರೆ, ಚಾಕುವಿಗೆ ‘ಕುಚಿಯೊ’. ನನ್ನ ಬಾಯಿಗೆ ಬಂದದ್ದು ಎರಡನೆಯದು.

ಮಗಳ ಸಂಸಾರ ಸ್ಪೇನಿನ ವಲೆನ್ಸಿಯಾ ನಗರದಲ್ಲಿದೆ. ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರವೆಲ್ಲ ಸ್ಪ್ಯಾನಿಷ್‌ನಲ್ಲಿ. ಅವನ ಉತ್ತರ ನನಗೂ ಅರ್ಥವಾಗಲಿ ಎಂದು ಎಂಟು ತಿಂಗಳ ಹಿಂದೆ, 61ನೇ ವಯಸ್ಸಿನಲ್ಲಿ, ನಾನು ಈ ಭಾಷೆಯ ಅಕ್ಷರಾಭ್ಯಾಸಕ್ಕೆ ಕುಳಿತೆ. ದಿನಕ್ಕೆ ಅರ್ಧ ಗಂಟೆ, ಒಂದು ನೋಟ್‌ಬುಕ್ಕು, ಶನಿವಾರ ಫೋನಿನಲ್ಲಿ ಒಬ್ಬ ಶಿಕ್ಷಕಿಯ ಪಾಠ. ಇಷ್ಟೇ ನನ್ನ ಶಾಲೆ.

ಮೊಮ್ಮಗನ ಜೊತೆ ನಾನೂ ನಕ್ಕೆ. ಆದರೆ ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ. ಆ ಚಮಚವನ್ನು ನಾನು ಅದಾಗಲೇ ಮೂರು ಸಲ ಕಲಿತು ಮೂರು ಸಲ ಮರೆತಿದ್ದೆ. ನನ್ನ ತಾಯಿ ತಮ್ಮ ಕೊನೆಯ ಆರು ವರ್ಷಗಳನ್ನು ಮರೆವಿನ ಕಾಯಿಲೆಯಲ್ಲಿ ಕಳೆದವರು. ‘ನನಗೂ ಅದೇ ಶುರುವಾಯಿತೇ?’ ಎಂಬ ಪ್ರಶ್ನೆ ಕತ್ತಲೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಇಂಥ ಪ್ರಶ್ನೆ ಕೇಳಿಕೊಂಡು ಬಂದ ನೂರಾರು ಮಂದಿಗೆ ‘ಗಾಬರಿ ಬೇಡ’ ಎಂದು ಧೈರ್ಯ ಹೇಳಿ ಕಳಿಸಿದ ವೈದ್ಯೆ ನಾನು. ಭಯಕ್ಕೆ ವೈದ್ಯರು, ರೋಗಿಗಳು ಎಂಬ ಭೇದವಿಲ್ಲ.

ನಿಮ್ಮಲ್ಲೂ ಅನೇಕರು ಇಂಥ ರಾತ್ರಿ ಕಂಡಿರುತ್ತೀರಿ. ಕಲಿಯುತ್ತಿರುವುದು ಸ್ಪ್ಯಾನಿಷ್ ಆಗಬೇಕಿಲ್ಲ. ನಿವೃತ್ತಿಯ ನಂತರ ಹಿಡಿದ ವೀಣೆ ಇರಬಹುದು, ಸೊಸೆಯ ಮನೆಯವರ ಮಲಯಾಳಂ ಇರಬಹುದು, ಫೋನಿನಲ್ಲಿ ಹಣ ಕಳಿಸುವ ವಿಧಾನ ಇರಬಹುದು. ನಿನ್ನೆ ಕಲಿತದ್ದು ಇಂದು ಕೈಕೊಟ್ಟ ಕೂಡಲೇ ‘ವಯಸ್ಸಾಯಿತು, ತಲೆಗೆ ಹತ್ತುವುದಿಲ್ಲ’ ಎಂದು ಪುಸ್ತಕ ಮುಚ್ಚುತ್ತೇವೆ. ಈ ತೀರ್ಪು ಆತುರದ್ದು, ಬಹಳ ಸಲ ತಪ್ಪು ಕೂಡ.

ಮರೆವಿನ ಲೆಕ್ಕ

ಮರೆವನ್ನು ಮೊದಲು ಅಳೆದು ನೋಡಿದವರು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಉಳಿಯುತ್ತದೆ ಎಂದು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತಿತ್ತು. ಒಂದು ದಿನ ಕಳೆಯುವಷ್ಟರಲ್ಲಿ ಉಳಿಯುತ್ತಿದ್ದದ್ದು ಸುಮಾರು ಮೂರನೆಯ ಒಂದು ಪಾಲು. ಆಗ ಅವರಿನ್ನೂ ಮೂವತ್ತರ ಆಸುಪಾಸಿನ ತರುಣ!

ಅವರು ಅಳೆದ ರೀತಿಯನ್ನು ಇನ್ನೂ ಮುಖ್ಯವಾಗಿ ಗಮನಿಸಬೇಕು. ಮರೆತ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಸಮಯ ಕಡಿಮೆ ಸಾಕಾಯಿತು ಎಂಬುದನ್ನು ಅವರು ‘ಉಳಿತಾಯ’ ಎಂದು ಕರೆದರು. ಅಂದರೆ ನೆನಪಿಗೆ ಬಾರದ ಪದವೂ ಪೂರ್ತಿ ಅಳಿಸಿಹೋಗಿರುವುದಿಲ್ಲ. ಎರಡನೆಯ ಸಲ ಅದು ಕಡಿಮೆ ಶ್ರಮಕ್ಕೆ ಸಿಗುತ್ತದೆ, ಮೂರನೆಯ ಸಲ ಇನ್ನೂ ಕಡಿಮೆಗೆ. ಮರೆತು ಮತ್ತೆ ಕಲಿಯುವುದು ಕಲಿಕೆಯ ಸೋಲಲ್ಲ. ಕಲಿಕೆ ನಡೆಯುವ ದಾರಿಯೇ ಅದು.

ಅಳತೆಗೋಲು ಸರಿಯಿರಲಿ

ನಮ್ಮನ್ನು ಕಂಗೆಡಿಸುವ ಇನ್ನೊಂದು ಸಂಗತಿ ತಪ್ಪು ಅಳತೆಗೋಲು. ‘ಎಂಟು ತಿಂಗಳಾದರೂ ಮಾತು ಬರುವುದಿಲ್ಲವಲ್ಲ’ ಎಂದು ನಾನು ಕೊರಗುತ್ತಿದ್ದೆ. ಒಂದು ದಿನ ಗಂಟೆಗಳ ಲೆಕ್ಕ ಹಾಕಿದೆ. ದಿನಕ್ಕೆ ಅರ್ಧ ಗಂಟೆಯಂತೆ ಎಂಟು ತಿಂಗಳಿಗೆ ಹೆಚ್ಚೆಂದರೆ 120 ಗಂಟೆ. ಅಮೆರಿಕ ಸರಕಾರವು ತನ್ನ ರಾಜತಾಂತ್ರಿಕ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯನ್ನು ನಡೆಸುತ್ತದೆ. ಇಂಗ್ಲಿಷ್ ತಾಯ್ನುಡಿಯವರು ಸ್ಪ್ಯಾನಿಷ್‌ನಲ್ಲಿ ಕಚೇರಿ ವ್ಯವಹಾರ ನಡೆಸುವಷ್ಟು ನುರಿಯಲು 600ರಿಂದ 750 ತರಗತಿ ಗಂಟೆಗಳು ಬೇಕು ಎಂಬುದು ಆ ಸಂಸ್ಥೆಯ ಅಂದಾಜು. ಅದೂ ಅವರಿಗೆ ಸುಲಭವೆಂದು ಗುರುತಿಸಿರುವ ಭಾಷೆಗಳ ಗುಂಪಿನಲ್ಲಿ! ಆ ದಾರಿಯಲ್ಲಿ ನಾನು ನಡೆದಿರುವುದು ಐದನೆಯ ಒಂದು ಭಾಗವೂ ಕಷ್ಟ. ಬಿಡದಿಯಲ್ಲಿ ನಿಂತು ‘ಇನ್ನೂ ಮೈಸೂರು ಬರಲಿಲ್ಲ’ ಎಂದು ಬಸ್ಸನ್ನು ಬೈದಂತಾಯಿತು.

ಆ ನಿದ್ದೆಗೆಟ್ಟ ರಾತ್ರಿಯ ಮರುದಿನ ನಾನು ನೋಟ್‌ಬುಕ್ಕಿನ ಮೊದಲ ಪುಟ ತೆರೆದೆ. ಅಲ್ಲಿ ‘ಹೇಗಿದ್ದೀರಿ?’ ಎಂಬುದಕ್ಕೆ ಸಮನಾದ ವಾಕ್ಯವನ್ನು ಐದು ಸಲ ತಪ್ಪಾಗಿ ಬರೆದು ಕೆಂಪು ಗೆರೆ ಎಳೆದಿದ್ದೆ. ಈಗ ಆ ವಾಕ್ಯ ಯೋಚನೆಯೇ ಇಲ್ಲದೆ ಬರುತ್ತದೆ. ಹತ್ತು ಪುಟ ತಿರುವಿದೆ. ಅಂದು ಬೆವರಿಳಿಸಿದ ಸಂಖ್ಯೆಗಳು, ವಾರದ ಹೆಸರುಗಳು ಇಂದು ತರಕಾರಿ ಹೆಚ್ಚುತ್ತಲೇ ನಾಲಿಗೆಗೆ ಬರುತ್ತವೆ. ಬಂದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಾರದ್ದನ್ನು ಮಾತ್ರ ಎಣಿಸುತ್ತೇವೆ. ಆದ್ದರಿಂದ ನೀವು ಏನೇ ಕಲಿಯುತ್ತಿರಲಿ, ದಿನಾಂಕ ಹಾಕಿ ಬರೆದಿಡಿ. ನಿನ್ನೆಯೊಡನೆ ಹೋಲಿಸಬೇಡಿ, ಆರು ತಿಂಗಳ ಹಿಂದಿನೊಡನೆ ಹೋಲಿಸಿ.

ಕನ್ನಡವೇ ಊರುಗೋಲು

ಮಕ್ಕಳಂತೆ ನಾವು ಕಲಿಯಲಾರೆವು ಎಂಬುದು ನಿಜ. ಪರಭಾಷೆಯ ಉಚ್ಚಾರಣೆ ಅವರಿಗೆ ಬರುವಷ್ಟು ಸಹಜವಾಗಿ ನಮಗೆ ಬರದು. ಸ್ಪ್ಯಾನಿಷ್‌ನಲ್ಲಿ ರಕಾರ ಎರಡು. ಮೆಲ್ಲನೆಯ ‘ಪೆರೊ’ ಎಂದರೆ ‘ಆದರೆ’, ನಾಲಿಗೆ ಅದುರಿಸುವ ‘ಪೆರ್ರೊ’ ಎಂದರೆ ನಾಯಿ. ನನ್ನ ವಾಕ್ಯಗಳ ನಡುವೆ ಈಗಲೂ ನಾಯಿಗಳು ಓಡಾಡುತ್ತವೆ! ಕೈ ಸ್ತ್ರೀಲಿಂಗ, ಸಮಸ್ಯೆ ಪುಲ್ಲಿಂಗ ಎಂಬ ವ್ಯಾಕರಣವೂ ನಮಗೆ ಒಗ್ಗುವುದು ನಿಧಾನ.

ಆದರೆ ವಯಸ್ಸಾದವರಲ್ಲಿ ಮಗುವಿಗಿಲ್ಲದ ಒಂದು ಬಂಡವಾಳವಿದೆ, ಈಗಾಗಲೇ ಗೊತ್ತಿರುವುದು. ‘ಮೆ ದುಯೆಲೆ ಲಾ ಕಬೇಸಾ’ ಎಂಬ ವಾಕ್ಯ ನೋಡಿ. ಇಂಗ್ಲಿಷ್‌ನವರು ‘ನನ್ನ ಬಳಿ ತಲೆನೋವಿದೆ’ ಎನ್ನುವ ಧಾಟಿಯಲ್ಲಿ ಹೇಳುತ್ತಾರೆ. ಸ್ಪ್ಯಾನಿಷ್‌ನವರು ನಮ್ಮ ಹಾಗೆಯೇ ‘ನನಗೆ ತಲೆ ನೋಯುತ್ತದೆ’ ಎನ್ನುತ್ತಾರೆ. ‘ಮೆ ಗುಸ್ತಾ ಎಲ್ ಕಫೆ’ ಎಂದರೆ ‘ನನಗೆ ಕಾಫಿ ಇಷ್ಟ’. ಹಿರಿಯರಿಗೆ ‘ನೀವು’, ಗೆಳೆಯರಿಗೆ ‘ನೀನು’ ಎಂಬ ಭೇದ ಅಲ್ಲೂ ಉಂಟು. ಕ್ರಿಯಾಪದದ ಬಾಲ ನೋಡಿದರೆ ಮಾತಾಡುತ್ತಿರುವವರು ಯಾರೆಂದು ತಿಳಿಯುತ್ತದೆ. ಪೋರ್ಚುಗೀಸರು ನಮಗೆ ಬಿಟ್ಟುಹೋದ ‘ಪಗಾರ’ಕ್ಕೆ ಅಲ್ಲಿ ‘ಪಗಾರ್’, ಅಂದರೆ ಹಣ ಕೊಡು ಎಂಬ ಅಣ್ಣ ಸಿಗುತ್ತಾನೆ. ಹೊಸದನ್ನು ಹೀಗೆ ಹಳೆಯದಕ್ಕೆ ಗಂಟು ಹಾಕಿದಾಗ ನೆನಪು ಗಟ್ಟಿಯಾಗುತ್ತದೆ.

ಎಲ್ಲ ಗಂಟೂ ನಂಬಲರ್ಹವಲ್ಲ ಎಂದೂ ಹೇಳಬೇಕು. ಒಂದು ದಿನ ಮೊಮ್ಮಗ ಸಪ್ಪಗೆ ‘ಕೊನ್ಸ್ತಿಪಾದೊ’ ಎಂದ. ಇಂಗ್ಲಿಷ್ ನೆನೆದು ಮಲಬದ್ಧತೆಯೆಂದು ತಿಳಿದು, ಬಾಳೆಹಣ್ಣು, ಬಿಸಿನೀರು ಎಂದು ಸಲಹೆ ಕೊಟ್ಟೆ. ಸ್ಪೇನಿನಲ್ಲಿ ಆ ಮಾತಿಗೆ ನೆಗಡಿಯಾಗಿದೆ ಎಂದು ಅರ್ಥ! ಆ ಪದವನ್ನು ನಾನು ಇನ್ನು ಮರೆಯುವುದಿಲ್ಲ. ನಗಿಸಿದ ತಪ್ಪು ಚೆನ್ನಾಗಿ ಕಲಿಸುತ್ತದೆ.

ಇದು ಔಷಧಿಯಲ್ಲ

‘ಹೊಸ ಭಾಷೆ ಕಲಿತರೆ ಮರೆವಿನ ಕಾಯಿಲೆ ಬರುವುದಿಲ್ಲವಂತೆ, ಹೌದೇ?’ ಎಂದು ಕೇಳುವವರಿದ್ದಾರೆ. ಉತ್ತರವನ್ನು ಎಚ್ಚರಿಕೆಯಿಂದ ಕೊಡಬೇಕು. ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು.

ಸಂತೋಷದ ಸುದ್ದಿಯೇ. ಆದರೆ ಕಾಯಿಲೆ ತಡವಾಗಿತ್ತೇ ಹೊರತು ತಪ್ಪಿರಲಿಲ್ಲ. ಅವರು ಬದುಕಿನುದ್ದಕ್ಕೂ ಎರಡು ಭಾಷೆಗಳನ್ನು ಬಳಸಿದವರು, ಅರವತ್ತಕ್ಕೆ ಪಾಠಕ್ಕೆ ಕುಳಿತವರಲ್ಲ. ಬೇರೆಡೆಯ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಆದ್ದರಿಂದ ಭಾಷೆಯನ್ನು ಮಾತ್ರೆಯಂತೆ ನುಂಗಬೇಡಿ. ಕಲಿಯಲು ಸಂತೋಷವಿದೆ, ಮಾತಾಡಲು ಒಬ್ಬರಿದ್ದಾರೆ ಎಂದು ಕಲಿಯಿರಿ. ಮೆದುಳಿಗೆ ಲಾಭವಾದರೆ ಅದು ಮೇಲಿನ ಬಡ್ಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡುವುದು, ದಿನವೂ ನಡೆಯುವುದು, ತಂಬಾಕು ಬಿಡುವುದು, ಇವುಗಳ ಬದಲಿಗೆ ಸ್ಪ್ಯಾನಿಷ್ ನಿಲ್ಲಲಾರದು.

ಎಚ್ಚರ ವಹಿಸಬೇಕಾದದ್ದು ಯಾವಾಗ?

ಹೊಸ ಪದ ಮರೆಯುವುದು, ಪರಿಚಿತರ ಹೆಸರು ತಡವಾಗಿ ನೆನಪಾಗುವುದು, ಚಾವಿ ಎಲ್ಲಿಟ್ಟೆ ಎಂದು ಹುಡುಕುವುದು, ಇವು ಸಾಮಾನ್ಯವಾಗಿ ರೋಗವಲ್ಲ. ನನ್ನ ತಾಯಿ ಮರೆತದ್ದು ಬೇರೆ ತರಹ. ಊಟ ಮುಗಿಸಿ ಕೈ ತೊಳೆದು ಬಂದು ‘ಇನ್ನೂ ಊಟ ಹಾಕಲಿಲ್ಲವಲ್ಲ’ ಎನ್ನುತ್ತಿದ್ದರು. ನಲವತ್ತು ವರ್ಷ ಮಾಡಿದ ಸಾರಿಗೆ ಯಾವುದರ ನಂತರ ಯಾವುದು ಎಂದು ತೋಚದೆ ಒಲೆಯ ಮುಂದೆ ನಿಲ್ಲುತ್ತಿದ್ದರು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಗೊತ್ತಿರುವ ಬೀದಿಯಲ್ಲಿ ದಾರಿ ತಪ್ಪುವುದು, ದಿನನಿತ್ಯದ ಹಣದ ಲೆಕ್ಕ ಕೈಮೀರುವುದು, ಸ್ವಭಾವವೇ ಬದಲಾಗುವುದು, ಇಂಥವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ. ಬಹಳ ಸಲ ಇವನ್ನು ಮೊದಲು ಗಮನಿಸುವವರು ಮನೆಯವರು.

ಎಲ್ಲ ಮರೆವಿಗೂ ಮೆದುಳಿನ ಸವೆತವೇ ಕಾರಣವಲ್ಲ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ನಿದ್ದೆಗೇಡು, ನಿದ್ರೆಯ ಮತ್ತು ಅಲರ್ಜಿಯ ಕೆಲವು ಮಾತ್ರೆಗಳು ಕೂಡ ನೆನಪನ್ನು ಮಂಕಾಗಿಸುತ್ತವೆ. ಇವುಗಳಿಗೆ ಪರಿಹಾರವಿದೆ. ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಕಿವಿಯನ್ನೂ ಪರೀಕ್ಷಿಸಿಕೊಳ್ಳಿ. ಸರಿಯಾಗಿ ಕೇಳದ ಪದ ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ, ಆದರೆ ನಾವು ಸರಿಪಡಿಸಿಕೊಳ್ಳಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಪಟ್ಟಿ ಮಾಡಿತು. ಅವುಗಳಲ್ಲಿ ಕಿವಿಮಂದವೂ ಒಂದು.

ಕಲಿಯುವವರಿಗೆ, ಮನೆಯವರಿಗೆ

ನನಗೆ ಉಪಯೋಗಕ್ಕೆ ಬಂದ ಕೆಲವು ಕ್ರಮಗಳನ್ನು ಹೇಳುತ್ತೇನೆ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಅರ್ಧ ಗಂಟೆ ಲೇಸು. ಕಲಿತದ್ದನ್ನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ನೋಡಿ. ಓದುತ್ತಾ ಹೋಗುವ ಬದಲು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ಪ್ರಯತ್ನಿಸಿ. ಆ ತಡಕಾಟವೇ ನೆನಪನ್ನು ಬಲಪಡಿಸುತ್ತದೆ. ಬಾಯಿಬಿಟ್ಟು ಹೇಳಿ. ಮತ್ತು ನಿದ್ದೆ ಕೆಡಿಸಿಕೊಂಡು ಓದಬೇಡಿ, ಹಗಲು ಕಲಿತದ್ದನ್ನು ಮೆದುಳು ಭದ್ರಪಡಿಸುವುದು ನಿದ್ದೆಯಲ್ಲಿ.

ಮನೆಯ ಕಿರಿಯರಲ್ಲಿ ಒಂದು ಕೋರಿಕೆ. ಅಜ್ಜ ಫೋನಿನ ಬಗ್ಗೆ ನಾಲ್ಕನೆಯ ಸಲ ಕೇಳಿದಾಗ ‘ಎಷ್ಟು ಸಲ ಹೇಳಬೇಕು?’ ಎಂದು ಸಿಡುಕಬೇಡಿ. ಬಹುಶಃ ಐದು ಸಲ ಹೇಳಬೇಕು, ಅಷ್ಟೆ. ಐದನೆಯ ಸಲ ಕೇಳುವ ಧೈರ್ಯ ಅವರಲ್ಲಿ ಉಳಿದಿರಬೇಕು. ನಾಚಿಕೆಯಿಂದ ಕೇಳುವುದನ್ನೇ ನಿಲ್ಲಿಸಿದವರು ಕಲಿಯುವುದನ್ನೂ ನಿಲ್ಲಿಸುತ್ತಾರೆ, ಕ್ರಮೇಣ ಮಾತಾಡುವುದನ್ನೂ. ಮುಪ್ಪಿನಲ್ಲಿ ಮರೆವಿಗಿಂತ ಈ ಮೌನದ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಈ ವಾರ ನಾನು ಅಡಿಗೆಮನೆಯ ಚಮಚಗಳ ಡಬ್ಬಿಯ ಮೇಲೆ ‘ಕುಚಾರಾ’ ಎಂದು ಚೀಟಿ ಅಂಟಿಸಿದ್ದೇನೆ. ಭಾನುವಾರ ಮತ್ತೆ ತಪ್ಪಬಹುದು. ತಪ್ಪಿದರೆ ಮೊಮ್ಮಗ ತಿದ್ದುತ್ತಾನೆ, ಐದನೆಯ ಸಲ ಕಲಿಯುತ್ತೇನೆ.