ಕಾಣೆಯಾದ ಎರಡು

ಹಳೆಯ ಸಿಗರೇಟು ಲೈಟರಿನ ವಯಸ್ಸನ್ನು ತಿಳಿಯಬಯಸುವವನು ಮೊದಲು ಅದನ್ನು ತಲೆಕೆಳಗಾಗಿ ಹಿಡಿದು ನೋಡಬೇಕು. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಜಾರ್ಜ್ ಬ್ಲೈಸ್‌ಡೆಲ್ ಎಂಬಾತನು 1932ರಲ್ಲಿ ಸ್ಥಾಪಿಸಿದ ಜಿಪ್ಪೋ ಕಂಪೆನಿಯ ಲೈಟರುಗಳ ಜಾತಕವು ಅವುಗಳ ಅಡಿಯಲ್ಲಿಯೇ ಅಚ್ಚಾಗಿರುವುದು. ತೀರ ಮೊದಲಿನವುಗಳಲ್ಲಿ ಪೇಟೆಂಟು ಇನ್ನೂ ಕೈಸೇರಿಲ್ಲವೆಂಬ ಸೂಚನೆಯಿದೆ. 1936ರಲ್ಲಿ ಅದು ದೊರೆತ ಬಳಿಕ ಬಂದವುಗಳಲ್ಲಿ 2032695 ಎಂಬ ಸಂಖ್ಯೆಯಿದೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಹಿತ್ತಾಳೆಯು ಯುದ್ಧಸಾಮಗ್ರಿಗೆ ಮೀಸಲಾಯಿತು. ಲೈಟರಿನ ಕವಚವು ಉಕ್ಕಿನದಾಯಿತು. ಅದರ ಮೇಲೆ ಸುಕ್ಕುಗಟ್ಟಿದಂತೆ ತೋರುವ ಕರಿಯ ಬಣ್ಣ. ತಯಾರಾದುದೆಲ್ಲ ಸೈನ್ಯದ ಪಾಲಾಯಿತು. ಸುಮಾರು 1942ರಿಂದ 1946ರವರೆಗಿನ ಲೈಟರುಗಳ ಅಡಿಯಲ್ಲಿ ಕಾಣುವ ಸಂಖ್ಯೆ 203695. ನಡುವಣ ಎರಡು ಬಿಟ್ಟುಹೋಗಿದೆ!

ಅರಿಯದವನು ಇದನ್ನು ನಕಲಿಯೆಂದು ಕೈಬಿಟ್ಟಾನು. ಬಲ್ಲವನಿಗಾದರೋ ಆ ತಪ್ಪೇ ಯುದ್ಧಕಾಲದ ಸಾಕ್ಷಿ. ಆದರೂ ಅವನು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಅಯಸ್ಕಾಂತವನ್ನು ಹಿಡಿದು ನೋಡುತ್ತಾನೆ. ಅದು ಉಕ್ಕಿಗೆ ಅಂಟುವುದು, ಹಿತ್ತಾಳೆಗೆ ಅಂಟದು. ಒಳಗಿನ ಯಂತ್ರವನ್ನು ಹೊರಗೆಳೆದು, ಅದೂ ಕವಚವೂ ಒಂದೇ ಕಾಲದವೇ ಎಂದು ಪರೀಕ್ಷಿಸುತ್ತಾನೆ. ಕೆಟ್ಟ ಯಂತ್ರವನ್ನು ತೆಗೆದು ಬೇರೆಯದನ್ನು ಕೂಡಿಸಿರುವುದುಂಟು.

ಹೊಸದಾಗಿ ಸಂಗ್ರಹಕ್ಕೆ ತೊಡಗಿದವರ ದೊಡ್ಡ ಅಪರಾಧವೆಂದರೆ ಉಜ್ಜುವುದು. ಅರೆಬರೆ ಉಳಿದ ಕರಿಯ ಬಣ್ಣವು ಅವರ ಕಣ್ಣಿಗೆ ಕೊಳೆಯಾಗಿ ಕಾಣುತ್ತದೆ. ಅದನ್ನು ಕೆರೆದು ತೆಗೆದರೆ ಉಕ್ಕೇನೋ ಬೆಳ್ಳಿಯಂತೆ ಹೊಳೆಯುವುದು. ಆದರೆ ಯಾವನೋ ಸೈನಿಕನ ಹೆಬ್ಬೆರಳು ವರ್ಷಗಟ್ಟಲೆ ಸವೆಸಿದ ಗುರುತೂ ಆ ಬಣ್ಣದೊಡನೆ ಹೋಗುವುದು. ಅದನ್ನು ಮತ್ತೆ ತರಬಲ್ಲ ಕಮ್ಮಾರನು ಎಲ್ಲಿಯೂ ಇಲ್ಲ.